ಐನೂರು ಕೊಟ್ಟು ಕೈತೊಳೆದುಕೊಳ್ಳುವವರಿಗೆ ಒಂದು ಉತ್ತರ

ಚಲನ್ ಬಂದರೆ ಮೊದಲು ಓದಿ. ತಪ್ಪು ನಿಮ್ಮದಾಗಿದ್ದರೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ನಿಮ್ಮದಲ್ಲದಿದ್ದರೆ ಕಟ್ಟಬೇಡಿ, ಬರೆದು ಆಕ್ಷೇಪಿಸಿ, ಅದಕ್ಕೂ ಬಗ್ಗದಿದ್ದರೆ ಕೋರ್ಟಿಗೆ ಹೋಗಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸವಾರರಿಗೆ ನಾನು ಹೇಳುತ್ತ ಬಂದಿರುವುದು ಇಷ್ಟೇ. ಇಷ್ಟು ಸಾದಾ ಮಾತಿಗೆ ಎರಡೂ ಕಡೆಯಿಂದ ಏಟು ಬಿದ್ದಿದೆ. ಒಂದು ಕಡೆಯವರು "ಐನೂರು ಬಿಸಾಕಿ ಮನೀಗೆ ಹೋಗೋದು ಬಿಟ್ಟು ಕೋರ್ಟು ಕಚೇರಿ ಯಾಕ್ರೀ" ಅನ್ನುತ್ತಾರೆ. ಇನ್ನೊಂದು ಕಡೆಯವರು "ಕಟ್ಟೋದೇ ಬ್ಯಾಡ, ಹೆಂಗೂ ಅರ್ಧ ಮಾಫಿ ಆಗ್ತೈತಿ" ಅನ್ನುತ್ತಾರೆ. ಮೊದಲನೆಯವರಿಗೆ ನಾನು ತಂಟೆಕೋರ, ಎರಡನೆಯವರಿಗೆ ಪೊಲೀಸರ ಏಜೆಂಟ. ಇಬ್ಬರಿಗೂ ಇಲ್ಲಿ ಉತ್ತರ ಕೊಡುತ್ತೇನೆ.

ಐನೂರರ ವಾದದಿಂದಲೇ ಶುರು ಮಾಡೋಣ, ಯಾಕೆಂದರೆ ಅದನ್ನು ಹೇಳುವವರು ನಿಜವಾಗಿಯೂ ನಮ್ಮ ಹಿತ ಬಯಸುವ ಹಿರಿಯರು. ಅವರ ಲೆಕ್ಕ ಹೀಗಿದೆ: ಕೋರ್ಟಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ವಕೀಲರ ಫೀಸು ಹೋಯಿತು, ಮುಂದಿನ ತಾರೀಕಿಗೆ ಮತ್ತೆ ಅಷ್ಟೇ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುವ ಗಾದೆಯನ್ನೂ ಕೊನೆಗೆ ಸೇರಿಸುತ್ತಾರೆ.

ಈ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ರಸ್ತೆಯಲ್ಲಿ ನಾವು ಕಟ್ಟುವುದನ್ನು ಕಾನೂನು ರಾಜಿ ದಂಡ ಅನ್ನುತ್ತದೆ. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರ ಗೊತ್ತುಮಾಡಿದ ಮೊತ್ತವನ್ನು ಗೊತ್ತುಮಾಡಿದ ಅಧಿಕಾರಿಗೆ ಕಟ್ಟಿದರೆ ಆ ಪ್ರಕರಣ ಕೋರ್ಟಿಗೆ ಹೋಗುವುದಿಲ್ಲ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆದರೆ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಅದೇ ಕಲಮಿಗೆ ಎರಡು ಬಾಲ ಸೇರಿಸಿತು. ಒಂದು, ರಾಜಿ ಮಾಡಿಕೊಂಡ ತಪ್ಪನ್ನೂ ಹಿಂದೆ ಮಾಡಿದ ತಪ್ಪು ಎಂದೇ ಎಣಿಸಬೇಕು. ಮುಂದೆ ಅದೇ ತಪ್ಪಿಗೆ ಮತ್ತೆ ಸಿಕ್ಕಿಬಿದ್ದರೆ ಎರಡನೇ ಬಾರಿಯ ಶಿಕ್ಷೆ. ಇನ್ನೊಂದು, ರಾಜಿ ಮಾಡಿಕೊಂಡ ಮಾತ್ರಕ್ಕೆ ಲೈಸೆನ್ಸ್ ಮೇಲಿನ ಕ್ರಮದಿಂದ ಬಿಡುಗಡೆ ಇಲ್ಲ. 206ನೇ ಕಲಮಿನ ಕೆಳಗೆ ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ತ್ರಿಬಲ್ ರೈಡಿಂಗ್, ಹೆಲ್ಮೆಟ್ ಇಲ್ಲದಿರುವುದು, ಇಂಥವುಗಳಲ್ಲಿ ಲೈಸೆನ್ಸನ್ನು ಆರ್‌ಟಿಒಗೆ ಕಳಿಸುವ ಅಧಿಕಾರ ಪೊಲೀಸರಿಗೆ ಇದೆ. ಹೆಲ್ಮೆಟ್ಟಿನ 194ಡಿ ಕಲಮಿನಲ್ಲಂತೂ ದಂಡದ ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ ಎಂದು ನೇರವಾಗಿಯೇ ಬರೆದಿದೆ.

ಅಂದಮೇಲೆ ಮಾಡದ ತಪ್ಪಿಗೆ ಐನೂರು ಕಟ್ಟಿದವನು ಐನೂರರ ಜೊತೆಗೆ ತನ್ನ ಹೆಸರಿಗೆ ಒಂದು ತಪ್ಪನ್ನೂ ಬರೆಸಿಕೊಂಡು ಬಂದಿದ್ದಾನೆ. ಗದ್ದೆ ಮನೆ ಇರುವವನಿಗೆ ಇದು ದೊಡ್ಡದಲ್ಲದಿರಬಹುದು. ಟಾಟಾ ಏಸ್ ಓಡಿಸಿ ಸಂತೆಯಿಂದ ಸಂತೆಗೆ ಈರುಳ್ಳಿ ಒಯ್ಯುವವನಿಗೆ, ಸಾರಿಗೆ ಸಂಸ್ಥೆಯ ಚಾಲಕನ ಹುದ್ದೆಗೆ ಅರ್ಜಿ ಹಾಕಿ ಕಾಯುತ್ತಿರುವ ಹುಡುಗನಿಗೆ ಲೈಸೆನ್ಸೇ ಹೊಲ. ಅದಕ್ಕೆ ಮೂರು ತಿಂಗಳು ಬೀಗ ಬಿದ್ದರೆ ಕೂಲಿಯ ಲೆಕ್ಕ ಹಾಕಿದ ಹಿರಿಯರು ಅದನ್ನೂ ಹಾಕಬೇಕಿತ್ತು.

ಹಾಗೆಂದು ಅವರ ವಾದ ಪೂರ್ತಿ ಸುಳ್ಳೂ ಅಲ್ಲ. ಅವರು ಹೇಳದೆ ಬಿಟ್ಟ ಇನ್ನೊಂದು ಅಪಾಯವನ್ನು ನಾನೇ ಹೇಳಿಬಿಡುತ್ತೇನೆ. 2019ರಲ್ಲಿ ಕೇಂದ್ರ ದಂಡ ಏರಿಸಿದಾಗ ಜನ ಕೂಗಾಡಿದರು, ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿಗೆ ಸಾವಿರ ಇದ್ದದ್ದು ಐನೂರಾದದ್ದು ಹಾಗೆ. ಆದರೆ ರಾಜ್ಯ ಇಳಿಸಿದ್ದು ರಾಜಿ ದಂಡವನ್ನು ಮಾತ್ರ. ಕಾಯ್ದೆಯೊಳಗೆ ಇವತ್ತಿಗೂ ಸಾವಿರವೇ ಇದೆ. ಕೋರ್ಟಿಗೆ ಹೋಗಿ ಸೋತರೆ ನ್ಯಾಯಾಧೀಶರು ಕಾಯ್ದೆಯ ಮೊತ್ತವನ್ನೇ ವಿಧಿಸಬಹುದು. ಆದ್ದರಿಂದ ಹೆಲ್ಮೆಟ್ ಇಲ್ಲದೆ ಹೋಗಿ ಸಿಕ್ಕಿಬಿದ್ದು, ಬಿಸಿಲಿನ ನೆಪ ಹೇಳಿ ಕೋರ್ಟಿನಲ್ಲಿ ವಾದಿಸುತ್ತೇನೆ ಎನ್ನುವವನಿಗೆ ನಾನೂ ಹಿರಿಯರ ಮಾತನ್ನೇ ಹೇಳುತ್ತೇನೆ: ಕಟ್ಟಪ್ಪಾ, ಕಟ್ಟಿ ಹೋಗು.

ಎರಡನೆಯ ಆಕ್ಷೇಪ ಭಯದ್ದು. "ಪೊಲೀಸರ ಜೊತೆ ವಾದಕ್ಕಿಳಿದರೆ ಒಂದಿದ್ದ ಕೇಸು ನಾಲ್ಕಾಗ್ತಾವ. ಕಾಯ್ದೆ ಪುಸ್ತಕ ನಿಮ್ಮ ಕಡೀಗೆ ಇರಬಹುದು, ಗಾಡಿ ಕೀ ಅವರ ಕೈಯಾಗ ಇರ್ತೈತಿ." ಹೀಗೆ ಹೇಳಿದವರು ಅನುಭವಸ್ಥರು, ಅದರಲ್ಲಿ ಅನುಮಾನವಿಲ್ಲ.

ಆದರೆ ರಸ್ತೆಯಲ್ಲಿ ವಾದಕ್ಕಿಳಿಯಿರಿ ಎಂದು ನಾನು ಹೇಳಿದ್ದು ಎಲ್ಲಿ? ರಸ್ತೆ ಬದಿ ವಾದ ಮಾಡುವ ಜಾಗವೇ ಅಲ್ಲ. ಅಲ್ಲಿ ಮಾಡಬೇಕಾದದ್ದು ಮೂರೇ ಕೆಲಸ: ಗಾಡಿ ನಿಲ್ಲಿಸಿ, ದಾಖಲೆ ತೋರಿಸಿ, ಯಾವ ಕಲಮು ಎಂದು ಮೆತ್ತಗೆ ಕೇಳಿ. ತಪ್ಪು ಒಪ್ಪಿಗೆಯಿಲ್ಲ, ನೋಟಿಸ್ ಕೊಡಿ ಸಾರ್, ಕೋರ್ಟಿನಲ್ಲಿ ಹೇಳಿಕೊಳ್ಳುತ್ತೇನೆ ಎನ್ನುವುದು ಜಗಳವಲ್ಲ. ರಾಜಿ ಮಾಡಿಕೊಳ್ಳುವುದು ಸವಾರನ ಇಷ್ಟಕ್ಕೆ ಬಿಟ್ಟದ್ದು, ಅದನ್ನು ಯಾರೂ ಹೇರುವಂತಿಲ್ಲ.

ದಾಖಲೆಯ ವಿಷಯದಲ್ಲಿ ನಮ್ಮವರು ಸುಮ್ಮನೆ ಹೆದರುತ್ತಾರೆ. ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರಗಳನ್ನು ಫೋನಿನಲ್ಲಿ ತೋರಿಸಬಹುದೆಂದು ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ 2018ರಲ್ಲೇ ತಿದ್ದುಪಡಿಯಾಗಿದೆ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಪ್ರತಿ ಮೂಲದಷ್ಟೇ ಸರಿ. ಫೋನಿನ ಗ್ಯಾಲರಿಯಲ್ಲಿ ಇಟ್ಟುಕೊಂಡ ಆರ್‌ಸಿಯ ಫೋಟೊ ಮಾತ್ರ ನಡೆಯುವುದಿಲ್ಲ, ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಏನೂ ಕೈಯಲ್ಲಿಲ್ಲದಿದ್ದರೂ ಹದಿನೈದು ದಿನದೊಳಗೆ ದೃಢೀಕರಿಸಿದ ಪ್ರತಿಯನ್ನು ಆ ಅಧಿಕಾರಿಗೆ ತೋರಿಸಲು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಲು ಅದೇ ನಿಯಮ ಅವಕಾಶ ಕೊಡುತ್ತದೆ. ಮನೆಯಲ್ಲಿ ಲೈಸೆನ್ಸ್ ಇರುವುದು ಬೇರೆ, ಲೈಸೆನ್ಸೇ ಇಲ್ಲದಿರುವುದು ಬೇರೆ.

ಗಾಡಿ ಹಿಡಿದಿಟ್ಟುಕೊಳ್ಳುವ ಅಧಿಕಾರ 207ನೇ ಕಲಮಿನದು. ಲೈಸೆನ್ಸ್ ಇಲ್ಲದೆ ಅಥವಾ ವಯಸ್ಸಾಗದೆ ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಬೇಕಾದ ವಾಹನಕ್ಕೆ ಪರ್ಮಿಟ್ ಇಲ್ಲದಿದ್ದರೆ ಅದು ಬರುತ್ತದೆ. ಬರೀ ಹೆಲ್ಮೆಟ್ ಇಲ್ಲವೆಂದು ಬೈಕನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿಕೊಳ್ಳಲು ಆ ಕಲಮಿನಲ್ಲಿ ದಾರಿಯಿಲ್ಲ.

ಇನ್ನು ಕೀ ಕಸಿಯುವ ಮಾತು. 2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದು ಯಾರಿಗೂ ಮರೆತಿಲ್ಲ. ನಾಯಿ ಕಚ್ಚಿದ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆ ತಾಯಿಯನ್ನು ಸಂಚಾರ ಪೊಲೀಸರು ತಪಾಸಣೆಗೆ ತಡೆದರು, ಬೈಕು ಉರುಳಿತು, ಕೆಳಗೆ ಬಿದ್ದ ಮಗು ವಾಹನಕ್ಕೆ ಸಿಕ್ಕಿ ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಅದಾದ ಮೇಲೆ ರಾಜ್ಯದ ಪೊಲೀಸ್ ಮಹಾನಿರ್ದೇಶಕ ಎಂ.ಎ. ಸಲೀಂ ಇಡೀ ರಾಜ್ಯಕ್ಕೆ ಸೂಚನೆ ಕಳಿಸಿದರು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ದಾಖಲೆ ನೋಡಲೆಂದು ವಾಹನ ತಡೆಯಬಾರದು, ಹಠಾತ್ತನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು. ಈ ಸೂಚನೆ ಬೆಂಗಳೂರಿಗಷ್ಟೇ ಅನ್ವಯಿಸಿ ಕೊಟ್ಟೂರಿನ ಕ್ರಾಸಿಗೆ ಬರುವಷ್ಟರಲ್ಲಿ ಸವೆದುಹೋಗುತ್ತದೆ ಎಂದು ನೀವು ಹೇಳಬಹುದು. ಸವೆದಿದ್ದರೆ ಜಿಲ್ಲಾ ಎಸ್‌ಪಿಗೆ ಬರೆಯಿರಿ. ಕಾಯ್ದೆಯನ್ನು ಜಾರಿ ಮಾಡುವವರೇ ಅದನ್ನು ಮುರಿದರೆ ಎರಡರಷ್ಟು ದಂಡ ಎಂದು 210ಬಿ ಕಲಮು ಹೇಳುತ್ತದೆ. ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದು ನಿಮ್ಮ ಹೆಲ್ಮೆಟ್ ಕೇಳುವವರಿಗೂ ಅದು ಅನ್ವಯಿಸುತ್ತದೆ. ಅದನ್ನೂ ರಸ್ತೆಯಲ್ಲಿ ಹೇಳಬೇಡಿ, ಅರ್ಜಿಯಲ್ಲಿ ಬರೆಯಿರಿ.

ಒಂದು ಮಾತು ಮಾತ್ರ ಸ್ಥಳದಲ್ಲೇ ನೆನಪಿರಲಿ. ಕುಡಿದು ಓಡಿಸಿದ ಪ್ರಕರಣ ರಾಜಿಗೆ ಬರುವುದಿಲ್ಲ. ನೂರು ಮಿಲಿಲೀಟರ್ ರಕ್ತಕ್ಕೆ ಮೂವತ್ತು ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೆ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದನ್ನು ತೀರ್ಮಾನಿಸುವುದು ಕೋರ್ಟು. ರಸ್ತೆಯಲ್ಲೇ ಎರಡು ಸಾವಿರಕ್ಕೆ ಮುಗಿಸಿಕೊಂಡು ಬಂದೆ ಎಂದು ಎದೆ ತಟ್ಟಿಕೊಳ್ಳುವವನು ದಂಡ ಕಟ್ಟಿಲ್ಲ, ಲಂಚ ಕೊಟ್ಟಿದ್ದಾನೆ.

ಈಗ ಎರಡನೇ ಗುಂಪಿನ ಕಡೆಗೆ. "ಇದು ಖಜಾನೆ ತುಂಬಿಸೋ ದಂಧೆ. ಯಾರೂ ಕಟ್ಟಬ್ಯಾಡ್ರಿ. ವರ್ಷ ಎರಡು ವರ್ಷಕ್ಕೊಮ್ಮೆ ಅರ್ಧ ಮಾಫಿ ಬರ್ತೈತಿ, ಆವಾಗ ನೋಡೋಣು."

ಬಂದದ್ದು ನಿಜ. 2023ರ ಫೆಬ್ರವರಿಯಲ್ಲಿ ಇ-ಚಲನ್ ಬಾಕಿಗೆ ಶೇ. 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತರು. ಆಮೇಲೆ ಅದನ್ನು ವಿಸ್ತರಿಸಿದರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಕೊಟ್ಟರು. ಸರ್ಕಾರ ಹೀಗೆ ಮಾಡುತ್ತಿರುವುದು ತಪ್ಪೆಂದೇ ನನ್ನ ಅಭಿಪ್ರಾಯ. ಮರುದಿನವೇ ಹೋಗಿ ಪೂರ್ತಿ ಕಟ್ಟಿದವನಿಗೆ ಇದರಿಂದ ಸಿಕ್ಕ ಪಾಠ ಒಂದೇ, ಮುಂದಿನ ಸಲ ಕಾಯಬೇಕು ಎಂಬುದು. ತಪ್ಪು ಚಲನ್ ಬಂದವನಿಗೂ ಇದರಿಂದ ಉಪಕಾರವಿಲ್ಲ, ಮಾಡದ ತಪ್ಪಿಗೆ ಅರ್ಧ ದಂಡ ಕಟ್ಟಿದರೆ ಅದು ಅರ್ಧ ಅನ್ಯಾಯ ಅಷ್ಟೇ.

ಆದರೆ ಮಾಫಿಗೆ ಕಾಯುವವರ ಲೆಕ್ಕವೂ ಹಿರಿಯರ ಲೆಕ್ಕದಷ್ಟೇ ಅರೆಬರೆ. ಕಟ್ಟದ ಚಲನ್ ಕೋರ್ಟಿಗೆ ಹೋಗುತ್ತದೆ, ಅಲ್ಲಿಂದ ಸಮನ್ಸ್ ಬರುತ್ತದೆ, ಸಮನ್ಸಿಗೂ ಹೋಗದಿದ್ದರೆ ವಾರಂಟು. ರಿಯಾಯಿತಿಯ ಆದೇಶ ಯಾವ ತಾರೀಕಿನವರೆಗಿನ ಯಾವ ಬಗೆಯ ಬಾಕಿಗೆ ಎಂಬುದನ್ನು ಪ್ರತಿ ಸಲ ಸರ್ಕಾರವೇ ಬರೆಯುತ್ತದೆ, ನಿಮ್ಮದು ಅದರಲ್ಲಿ ಇರಲೇಬೇಕೆಂದಿಲ್ಲ. ಇವರಲ್ಲೇ ಸ್ವಲ್ಪ ಓದಿಕೊಂಡವರು ಆರು ತಿಂಗಳ ಕಾಲಮಿತಿಯ ಮಾತೆತ್ತುತ್ತಾರೆ. ಬರೀ ದಂಡದ ಅಪರಾಧವಾದರೆ ಆರು ತಿಂಗಳೊಳಗೆ ಕೋರ್ಟು ಅದನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಸರಿ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 468, ಈಗ ನಾಗರಿಕ ಸುರಕ್ಷಾ ಸಂಹಿತೆಯ 514. ಆದರೆ ಅದು ತಾನಾಗಿ ಚಲನನ್ನು ಅಳಿಸುವ ರಬ್ಬರಲ್ಲ. ಕೋರ್ಟಿನ ಮುಂದೆ ಎತ್ತಿ ಹೇಳಬೇಕಾದ ತಕರಾರು, ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಕೋರ್ಟು ಅದನ್ನು ಮನ್ನಿಸಲೂಬಹುದು. ಕಾಲಮಿತಿಯ ಲಾಭ ಬೇಕಾದರೂ ಕೊನೆಗೆ ಕೋರ್ಟಿಗೇ ಹೋಗಬೇಕಲ್ಲ!

ರಸ್ತೆ ಸರಿಯಿಲ್ಲ, ಹಂಪ್ಸಿಗೆ ಬಣ್ಣವಿಲ್ಲ, ದಂಡ ಮಾತ್ರ ಬೇಕು ಎನ್ನುವ ಸಿಟ್ಟಿಗೆ ನನ್ನ ಪೂರ್ತಿ ಸಹಮತ ಇದೆ. ಕಳಪೆ ವಿನ್ಯಾಸದಿಂದ ಸಾವು ನೋವಾದರೆ ಗುತ್ತಿಗೆದಾರ, ಎಂಜಿನಿಯರುಗಳ ಮೇಲೆ ಒಂದು ಲಕ್ಷದವರೆಗೆ ದಂಡ ಹಾಕಲು 198ಎ ಕಲಮು ಇದೆ. ಅದನ್ನು ಬಳಸಿ ಎಂದು ಕೇಳೋಣ. ರಸ್ತೆ ಕೆಟ್ಟಿದ್ದಷ್ಟೂ ಹೆಲ್ಮೆಟ್ ಹೆಚ್ಚು ಬೇಕು, ಕಡಿಮೆಯಲ್ಲ.

ಹೆಲ್ಮೆಟ್ ಬಂತಲ್ಲ, ಅದರದೇ ಒಂದು ಆಕ್ಷೇಪವಿದೆ. "ಇದು ಬೆಂಗಳೂರಲ್ಲ. ಹೊಲಕ್ಕ ಹೋಗಾಕ, ಸಂತೀಗೆ ಹೋಗಾಕ ಹೆಲ್ಮೆಟ್ ಯಾಕ ಬೇಕು?" 129ನೇ ಕಲಮು ನಗರ ಎಂದು ಬರೆದಿಲ್ಲ, ಸಾರ್ವಜನಿಕ ಸ್ಥಳ ಎಂದು ಬರೆದಿದೆ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ, ಹಿಂದೆ ಕೂತವರಿಗೂ ಬೇಕು ಎಂದು ಬರೆದಿದೆ. ನಿಮ್ಮ ಹೊಲದ ಬದುವಿನ ಮೇಲೆ ಯಾರೂ ಹಿಡಿಯುವುದಿಲ್ಲ. ಆದರೆ ನಮ್ಮ ಹೊಲಗಳಿಗೆ ದಾರಿ ಯಾವುದು? ಕೂಡ್ಲಿಗಿಯ ಪಕ್ಕದಲ್ಲೇ ಹೊಸಪೇಟೆ ಚಿತ್ರದುರ್ಗದ ನಡುವೆ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುತ್ತದೆ. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ನಡುವೆ ಹೊಸಪೇಟೆ ಶಿವಮೊಗ್ಗ ರಾಜ್ಯ ಹೆದ್ದಾರಿ. ಮೆಕ್ಕೆಜೋಳದ ಚೀಲ ಹೊತ್ತ ಬೈಕು ರಾಂಗ್ ಸೈಡಿನಲ್ಲಿ ಅರ್ಧ ಕಿಲೋಮೀಟರು ಬಂದು ಹಳ್ಳಿಯ ಕ್ರಾಸಿಗೆ ತಿರುಗುವುದು ಈ ಹೆದ್ದಾರಿಗಳ ಮೇಲೆಯೇ. ಎದುರಿಗೆ ಬರುವ ಲಾರಿಗೆ ಸವಾರ ಹೊಲಕ್ಕೆ ಹೊರಟವನೋ ಮುಂಬಯಿಗೆ ಹೊರಟವನೋ ಗೊತ್ತಾಗುವುದಿಲ್ಲ.

ಇದರ ಜೊತೆ ಜಾತ್ರೆಯ ಟ್ರ್ಯಾಕ್ಟರು. ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ತೇರಿಗೆ ಟ್ರೇಲರಿನ ತುಂಬ ಜನ ಹೊತ್ತು ಹೋಗುವುದು ನಮ್ಮಲ್ಲಿ ತಲೆಮಾರಿನ ರೂಢಿ, ಭಕ್ತಿಗೆ ಅಡ್ಡ ಬರುವ ಪೊಲೀಸರು ಎಂದು ದೂರುವವರೂ ಉಂಟು. ನಾನು ಭಕ್ತಿಯ ಮಾತಾಡುವುದಿಲ್ಲ, ವಿಮೆಯ ಮಾತಾಡುತ್ತೇನೆ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲವೆಂದು ಸುಪ್ರೀಂ ಕೋರ್ಟು ಆಶಾರಾಣಿ ಪ್ರಕರಣದಲ್ಲಿ ಹೇಳಿ ಎರಡು ದಶಕ ಕಳೆಯಿತು. ಟ್ರೇಲರ್ ಮಗುಚಿದರೆ ಪರಿಹಾರದ ಹೊರೆ ಬಂದು ಕೂರುವುದು ಟ್ರ್ಯಾಕ್ಟರಿನ ಮಾಲೀಕನ ಮೇಲೆ. ಕಟ್ಟದಿದ್ದರೆ ಕಾಯ್ದೆಯ 174ನೇ ಕಲಮಿನಂತೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡುತ್ತಾರೆ. ವಿಮೆ ಇಲ್ಲದ ಬೈಕಿನ ಕಥೆಯೂ ಇದೇ. ಚಲನ್ನಿನ ಮೊತ್ತ ನೋಡಿ ಸಿಟ್ಟಾಗುವವರು ಆ ಚಲನ್ ಎಚ್ಚರಿಸುತ್ತಿರುವ ಮೊತ್ತವನ್ನು ನೋಡಿಲ್ಲ.

ಹುಡುಗರ ವಿಷಯ ಇನ್ನೂ ಗಟ್ಟಿ. ಹತ್ತನೇ ಕ್ಲಾಸಿನ ಮಗನಿಗೆ ಬೈಕು ಕೊಟ್ಟು ಕಳಿಸಿ, ಬಸ್ಸಿಲ್ಲ ಏನು ಮಾಡೋದು ಎನ್ನುವ ಅಪ್ಪಂದಿರು 199ಎ ಕಲಮನ್ನು ಒಮ್ಮೆ ಓದಿಸಿಕೊಳ್ಳಲಿ. ಶಿಕ್ಷೆ ಅಪ್ಪನಿಗೆ ಅಥವಾ ಗಾಡಿಯ ಮಾಲೀಕನಿಗೆ: ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ನನಗೆ ಗೊತ್ತಿರಲಿಲ್ಲ, ಇಲ್ಲವೇ ನಾನು ತಡೆಯಲು ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡುವ ಭಾರವೂ ಅಪ್ಪನದೇ. ಇದೂ ರಾಜಿಗೆ ಬರುವುದಿಲ್ಲ. ಬಸ್ಸಿಲ್ಲದಿರುವುದು ನಿಜವಾದ ಕಷ್ಟ, ಅದಕ್ಕೆ ಡಿಪೊ ಮುಂದೆ ಕೂರಬೇಕು. ಕೋರ್ಟು ಆ ಕಾರಣವನ್ನು ಕೇಳಿಸಿಕೊಳ್ಳುತ್ತದೆ, ಒಪ್ಪುವುದಿಲ್ಲ.

ನನ್ನ ವಿರೋಧಿಗಳಲ್ಲಿ ನಿಜವಾಗಿಯೂ ನೊಂದವರೆಂದರೆ ಗಾಡಿ ಮಾರಿದವರು. "ಮೂರು ವರ್ಷದ ಹಿಂದೆ ಮಾರಿದ ಗಾಡಿಗೆ ಇವತ್ತು ನನಗ ನೋಟಿಸ್. ಇಂಥಾ ಕಾನೂನಿಗೆ ಮರ್ಯಾದಿ ಯಾಕ ಕೊಡಬೇಕು?" ಎಂದು ಅವರು ಕೇಳುತ್ತಾರೆ. ಅವರ ಸಿಟ್ಟು ಅರ್ಥವಾಗುತ್ತದೆ, ವಾದ ನಿಲ್ಲುವುದಿಲ್ಲ. ನಮ್ಮ ಕಡೆ ಗಾಡಿ ಕೈಬದಲಾಗುವ ರೀತಿ ನೋಡಿ. ಚಹಾದಂಗಡಿಯಲ್ಲಿ ಮಾತುಕತೆ, ಖಾಲಿ ಫಾರಂ 29 ಮತ್ತು 30ಕ್ಕೆ ಸಹಿ, ದುಡ್ಡು ಎಣಿಕೆ, ಮುಗಿಯಿತು. ಕೊಂಡವನು ಆ ಫಾರಂ ಡಿಕ್ಕಿಯಲ್ಲಿಟ್ಟುಕೊಂಡು ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಒಯ್ಯುತ್ತಾನೆ. ಅಲ್ಲಿನ ಕ್ಯಾಮೆರಾ ಸಿಗ್ನಲ್ ಜಿಗಿದ ಬೈಕಿನ ನಂಬರು ನೋಡುತ್ತದೆ, ನಂಬರಿನ ಹಿಂದೆ ಇರುವುದು ಇನ್ನೂ ನಿಮ್ಮ ಹೆಸರು.

ಕಾಯ್ದೆಯ 2(30) ಕಲಮಿನಲ್ಲಿ ಮಾಲೀಕನೆಂದರೆ ಯಾರ ಹೆಸರಲ್ಲಿ ನೋಂದಣಿ ಇದೆಯೋ ಅವನು. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಖಚಿತ ಮಾಡಿತು. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಪಘಾತ ಪರಿಹಾರದ ಹೊಣೆ ನೋಂದಾಯಿತ ಮಾಲೀಕನದೇ ಎಂದಿತು. ಮಾರಿದವನು ಹದಿನಾಲ್ಕು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 50ನೇ ಕಲಮು ಹೇಳುತ್ತದೆ. ಹಾಗಾಗಿ ಇಂಥ ನೋಟಿಸ್ ಬಂದಾಗ ಸಿಟ್ಟು ತೀರಿಸಿಕೊಳ್ಳುವುದಕ್ಕಿಂತ ದಾಖಲೆ ಹುಡುಕಿ: ಮಾರಿದ ತಾರೀಕಿನ ಪತ್ರ, ದುಡ್ಡು ಬಂದ ಬ್ಯಾಂಕ್ ನಮೂದು, ಕೊಂಡವನ ಆಧಾರ್ ಪ್ರತಿ. 133ನೇ ಕಲಮಿನಂತೆ ಆವತ್ತು ಯಾರು ಓಡಿಸುತ್ತಿದ್ದರು ಎಂಬ ಮಾಹಿತಿ ಕೊಡುವುದು ಮಾಲೀಕನ ಕರ್ತವ್ಯ. ಆ ಕರ್ತವ್ಯವೇ ಇಲ್ಲಿ ನಿಮ್ಮ ರಕ್ಷಣೆ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ, ಅದರ ಜೊತೆಗೇ ಹೆಸರು ಬದಲಾವಣೆಗೆ ಅರ್ಜಿ ಹಾಕಿ.

ವಿಳಾಸದ ಗೋಜಲು ಹರಪನಹಳ್ಳಿಯವರಿಗೆ ವಿಶೇಷ. 1997ರಲ್ಲಿ ತಾಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸಾಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೆಎ 17, ಕೆಎ 34, ಕೆಎ 35 ಮೂರೂ ನಂಬರಿನ ಗಾಡಿಗಳು ಒಂದೇ ಓಣಿಯಲ್ಲಿ ನಿಂತಿರುತ್ತವೆ. ಹಳೆಯ ವಿಳಾಸಕ್ಕೆ, ಎಂದೋ ಬಿಟ್ಟ ಸಿಮ್ಮಿಗೆ ಹೋದ ನೋಟಿಸ್ ನಿಮಗೆ ತಲುಪುವುದಿಲ್ಲ, ಕೋರ್ಟಿನಿಂದ ಸಮನ್ಸ್ ಹೊರಟಾಗಲೇ ಗೊತ್ತಾಗುವುದು. ಪರಿವಾಹನ್ ಜಾಲತಾಣದಲ್ಲಿ ಮೊಬೈಲ್ ನಂಬರು ಬದಲಿಸಿಕೊಳ್ಳಲು ಹತ್ತು ನಿಮಿಷ ಸಾಕು. ಅದೇ ಜಾಲತಾಣದ ಇ-ಚಲನ್ ಪುಟದಲ್ಲಿ ಗಾಡಿಯ ನಂಬರು ಹಾಕಿ ಬಾಕಿಯನ್ನೂ ನೋಡಬಹುದು. ವಾಟ್ಸಾಪಿನಲ್ಲಿ ಚಲನ್ ಎಂಬ ಹೆಸರಿನ ಎಪಿಕೆ ಕಡತ ಬಂದರೆ ಮಾತ್ರ ಮುಟ್ಟಬೇಡಿ. ಅದು ನಿಮ್ಮ ಬ್ಯಾಂಕ್ ಖಾತೆಗೆ ಕನ್ನ ಹಾಕುವವರದು.

ಕೊನೆಯದಾಗಿ ವಕೀಲ ಮಿತ್ರರೊಬ್ಬರ ಆಕ್ಷೇಪ. ಉಳಿದವುಗಳಿಗಿಂತ ಅದಕ್ಕೆ ತೂಕ ಹೆಚ್ಚು. "ನೀವು ತಪ್ಪು ಮಾಡಿದವರಿಗೆ ತಪ್ಪಿಸಿಕೊಳ್ಳುವ ದಾರಿ ಹೇಳಿಕೊಡುತ್ತಿದ್ದೀರಿ. ತಾಂತ್ರಿಕ ತಕರಾರು ಎತ್ತಿ ಅತಿವೇಗದವರು ಬಚಾವಾದರೆ ಸಾಯುವವರು ಪಾದಚಾರಿಗಳು. ಅದೂ ಅಲ್ಲದೆ ಬಡವನಿಗೆ ವಕೀಲ ಎಲ್ಲಿ ಸಿಗುತ್ತಾನೆ? ನಿಮ್ಮ ಉಪದೇಶದ ಲಾಭ ಉಳ್ಳವರಿಗೆ."

ತಾಂತ್ರಿಕ ಎಂದು ಅವರು ತಳ್ಳಿಹಾಕಿದ್ದು ಏನೇನು ಎಂದು ನೋಡೋಣ. ಒಬ್ಬನೇ ಸಾಕ್ಷಿ ತನ್ನ ಕಣ್ಣಂದಾಜಿನಿಂದ ಗಾಡಿ ಜೋರಾಗಿತ್ತು ಎಂದರೆ ಸಾಲದು, ಯಂತ್ರದ ಅಳತೆ ಬೇಕು ಎಂದು 183ನೇ ಕಲಮು ಹೇಳುತ್ತದೆ. ಅತಿವೇಗ, ಅಪಾಯಕಾರಿ ಚಾಲನೆಯ ಪ್ರಕರಣದಲ್ಲಿ ಸ್ಥಳದಲ್ಲೇ ಎಚ್ಚರಿಸಿರಬೇಕು, ಇಲ್ಲವೇ ಹದಿನಾಲ್ಕು ದಿನದೊಳಗೆ ನೋಟಿಸ್ ಅಥವಾ ಇಪ್ಪತ್ತೆಂಟು ದಿನದೊಳಗೆ ಸಮನ್ಸ್ ಆಗಿರಬೇಕು ಎಂದು 209 ಹೇಳುತ್ತದೆ. 2021ರ ಆಗಸ್ಟಿನಲ್ಲಿ ಬಂದ 167ಎ ನಿಯಮ ಕ್ಯಾಮೆರಾ ಚಲನ್ನಿನಲ್ಲಿ ಏನೇನಿರಬೇಕೆಂದು ಪಟ್ಟಿ ಕೊಟ್ಟಿದೆ: ತಪ್ಪು ಮತ್ತು ನಂಬರ್ ಪ್ಲೇಟು ಎರಡೂ ಸ್ಪಷ್ಟವಾಗಿ ಕಾಣುವ ಫೋಟೊ, ವೇಗದ ಅಳತೆ, ಜಾಗ, ತಾರೀಕು, ಸಮಯ, ಕಲಮು. ಆ ಕ್ಯಾಮೆರಾಕ್ಕೆ ವರ್ಷ ವರ್ಷ ನವೀಕರಿಸಿದ ಪ್ರಮಾಣಪತ್ರವಿರಬೇಕು, ಅಲ್ಲಿ ಕ್ಯಾಮೆರಾ ಇದೆ ಎಂಬ ಫಲಕವಿರಬೇಕು. ಇವು ಯಾವುವೂ ಕಳ್ಳದಾರಿಗಳಲ್ಲ, ಸಂಸತ್ತೂ ಸರ್ಕಾರವೂ ಬರೆದ ನಿಯಮಗಳು. ಸವಾರ ಕೆಂಪು ದೀಪ ಪಾಲಿಸಬೇಕು ಎನ್ನುವಷ್ಟೇ ಬಿಗಿಯಾಗಿ ಇಲಾಖೆಯೂ ಇವನ್ನು ಪಾಲಿಸಬೇಕು. ಇಲಾಖೆ ತನ್ನ ನಿಯಮ ಪಾಲಿಸಿದರೆ ನಿಜವಾದ ಅತಿವೇಗದವನು ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಫೋಟೊ ನೋಡಿ ಎಂದು ನಾನು ಪದೇಪದೇ ಹೇಳುವುದು ಇದಕ್ಕೇ. ನೋಟಿಸ್ ನಿಮ್ಮ ಸ್ಪ್ಲೆಂಡರಿಗೆ ಬಂದಿರುತ್ತದೆ, ಫೋಟೊದಲ್ಲಿ ಇರುವುದು ಸ್ಕೂಟರು. ಮಣ್ಣು ಮೆತ್ತಿದ ಪ್ಲೇಟಿನಲ್ಲಿ ಮೂರು ಎಂಟಾಗಿ ಕಾಣುತ್ತದೆ. ಇಂಥದ್ದಕ್ಕೆ ವಕೀಲರೂ ಬೇಡ, ಕೋರ್ಟೂ ಬೇಡ. ಫೋಟೊ, ಆರ್‌ಸಿ ಲಗತ್ತಿಸಿ, ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಚಲನ್ ಕೊಟ್ಟ ಪೊಲೀಸ್ ಘಟಕಕ್ಕೆ ಬರೆದರೆ ಸಾಕು. ಬೆಂಗಳೂರಿನ ಚಲನ್ನಿಗೆ ಕೂಡ್ಲಿಗಿಯಿಂದ ಬಸ್ ಹತ್ತುವ ಮೊದಲು ಮಾಡಬೇಕಾದದ್ದೂ ಇದೇ.

ಬಡವನಿಗೆ ವಕೀಲ ಎಲ್ಲಿ ಎಂಬ ಪ್ರಶ್ನೆಗೆ ಮಿತ್ರರೇ ಉತ್ತರ ಬಲ್ಲರು, ಯಾಕೋ ಹೇಳಲಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗಬೇಕು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಕೂಡ್ಲಿಗಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು. ಈ ಸೀಮೆಯ ಎಷ್ಟು ಮನೆಗಳಿಗೆ ಈ ಹಕ್ಕು ಇದೆ ಎಂಬುದನ್ನು ಅದೇ ಹೇಳುತ್ತದೆ. ಹಕ್ಕು ಇದ್ದೂ ಕೇಳುವವರಿಲ್ಲ, ಹೇಳಬೇಕಾದವರು ಐನೂರು ಬಿಸಾಕಿ ಬನ್ನಿ ಎನ್ನುತ್ತಿದ್ದಾರೆ. ಮಿತ್ರರು ನನ್ನ ಮೇಲಿನ ಸಿಟ್ಟು ಬದಿಗಿಟ್ಟು, ತಮ್ಮ ಕೋರ್ಟಿನ ಹೊರಗೋಡೆಯ ಮೇಲೆ ಈ ಕಲಮನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿ ಎಂದು ಕೇಳುತ್ತೇನೆ.

ತಪ್ಪು ಚಲನ್ ಕೈಗೆ ಬಂದವರು ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಬಹುದು. ಅಲ್ಲಿಗೆ ಹೋಗಲಾಗದವರು 15100ಕ್ಕೆ ಕರೆ ಮಾಡಬಹುದು, ಕರೆಗೆ ದುಡ್ಡಿಲ್ಲ.